ಪುಣೆಯ ಪರ್ವತಿ ಬೆಟ್ಟ: ಬೆಳಿಗ್ಗೆ ಬೇಗ ಹೋಗಿ, ಸಾವಕಾಶ ನೋಡಿ

ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗಿನ ಹೊತ್ತಿಗೆ ಸ್ವಾರಗೇಟಿನಲ್ಲಿ ಇಳಿಯುತ್ತೀರಿ. ಅಲ್ಲಿಂದ ಪರ್ವತಿ ಬೆಟ್ಟದ ಬುಡಕ್ಕೆ ಆಟೋದಲ್ಲಿ ಸ್ವಲ್ಪ ದೂರ ಅಷ್ಟೇ. ಊರಿಂದ ಬಂದ ನೆಂಟರನ್ನು ನಾನು ಮೊದಲು ಕರೆದುಕೊಂಡು ಹೋಗುವುದು ಇಲ್ಲಿಗೇ. ಪೇಶ್ವೆಗಳ ಅರಮನೆ ಶನಿವಾರವಾಡೆ ಆಮೇಲೆ.

ಮೆಟ್ಟಿಲು ನೂರರ ಮೇಲೆ ಚೂರು ಜಾಸ್ತಿ. ಆದರೆ ಇವು ಮಾಮೂಲಿ ಮೆಟ್ಟಿಲಲ್ಲ. ಎತ್ತರ ಕಡಿಮೆ, ಅಗಲ ಜಾಸ್ತಿ, ಒಂದೊಂದೂ ಮುಂದಕ್ಕೆ ಏರುತ್ತಾ ಹೋಗುತ್ತದೆ. ಒಂದು ಹೆಜ್ಜೆಗೆ ಹೆಚ್ಚು, ಎರಡಕ್ಕೆ ಸಾಲದು. ಹಾಗಾಗಿ ಹಳ್ಳಿ ರಸ್ತೆ ಏರಿದ ಹಾಗೆ ನಡೆಯಬೇಕು, ಓಡಬಾರದು. ಮೊಣಕಾಲು ನೋವಿನ ನಮ್ಮ ದೊಡ್ಡವ್ವನೂ ನಡುವೆ ಕೂತು ಕೂತು ಮೇಲೆ ಬಂದರು. "ಸಾವಕಾಶ ಹತ್ತಿದ್ರ ಏನೂ ಇಲ್ಲ ಬಿಡಪ್ಪಾ" ಅಂದರು. ಮಳೆಗಾಲದಲ್ಲಿ ಮಾತ್ರ ಕಲ್ಲು ಜಾರುತ್ತದೆ, ಹಿಡಿತ ಇರುವ ಚಪ್ಪಲಿಯೇ ಇರಲಿ. ನೀರಿನ ಬಾಟಲಿ ಕೆಳಗಿನಿಂದಲೇ ತನ್ನಿ.

ಮೇಲೆ ದೇವದೇವೇಶ್ವರ ಗುಡಿ. ಮರಾಠಾ ರಾಜ್ಯದ ಪ್ರಧಾನಿ, ಅಂದರೆ ಪೇಶ್ವೆ ಆಗಿದ್ದ ನಾನಾಸಾಹೇಬ 1749ರಲ್ಲಿ ಕಟ್ಟಿಸಿದ್ದು. ದರ್ಶನ ಮುಗಿಸಿ ಹಾಗೇ ಇಳಿಯುವವರೇ ಜಾಸ್ತಿ. ಅಲ್ಲೇ ಇರುವ ನಾನಾಸಾಹೇಬನ ಸಮಾಧಿ ನೋಡದೆ ಮಾತ್ರ ಬರಬೇಡಿ. 1761ರ ಜನವರಿಯಲ್ಲಿ ಪಾಣಿಪತದ ಯುದ್ಧ, ಅಫ್ಘಾನರ ಎದುರು ಮರಾಠರು ಸೋತದ್ದು. ಹಿರಿಮಗ ವಿಶ್ವಾಸರಾವ್ ಹೋದ, ತಮ್ಮನಂಥ ಸದಾಶಿವರಾವ್ ಭಾವೂನೂ ಹೋದ. ಆ ಕೊರಗಿನಲ್ಲೇ ಜೂನ್ ತಿಂಗಳಲ್ಲಿ ನಾನಾಸಾಹೇಬ ಇದೇ ಬೆಟ್ಟದ ಮೇಲೆ ತೀರಿಕೊಂಡ. ಊರು ಬೆಳೆಸಿದವನು, ಗುಡಿ ಕಟ್ಟಿಸಿದವನು, ಕೊನೆಗೆ ಇಲ್ಲಿ! ಇದನ್ನು ತಿಳಿದು ಆ ಕಲ್ಲಿನ ಮುಂದೆ ನಿಂತರೆ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ. ಮಕ್ಕಳಿದ್ದರೆ ಕಥೆ ಅಲ್ಲೇ ಹೇಳಿ, ಪಾಠದ ಪುಸ್ತಕಕ್ಕಿಂತ ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ.

ಪೇಶ್ವೆ ಕಾಲದ ಆಯುಧ, ನಾಣ್ಯ, ಚಿತ್ರಗಳ ಸಣ್ಣ ವಸ್ತುಸಂಗ್ರಹಾಲಯವೂ ಇದೆ. ಅದು ತೆರೆಯುವ ಹೊತ್ತು ಮೊದಲೇ ವಿಚಾರಿಸಿಕೊಳ್ಳಿ. ವಿಠ್ಠಲ, ವಿಷ್ಣು, ಕಾರ್ತಿಕೇಯರ ಗುಡಿಗಳೂ ಹತ್ತಿರದಲ್ಲೇ.

ಆಮೇಲೆ ಗೋಡೆ ಪಕ್ಕ ನಿಂತು ಊರು ನೋಡಿ. ಆಕಾಶ ತಿಳಿಯಾಗಿದ್ದರೆ ನೈರುತ್ಯಕ್ಕೆ ಸಿಂಹಗಡ ಕೋಟೆ ಕಾಣುತ್ತದೆ. ಉತ್ತರಕ್ಕೆ, ಈ ಕಟ್ಟಡಗಳ ಆಚೆ, ಖಡಕಿ. 1817ರ ನವೆಂಬರಿನಲ್ಲಿ ಅಲ್ಲಿ ಇಂಗ್ಲಿಷರ ಜೊತೆ ಕಾಳಗ ನಡೆದಾಗ ಕೊನೆಯ ಪೇಶ್ವೆ ಎರಡನೇ ಬಾಜೀರಾವ್ ಇಲ್ಲಿಂದಲೇ ನೋಡುತ್ತಾ ನಿಂತಿದ್ದನಂತೆ. ಪೇಶ್ವೆಗಳ ಆಳ್ವಿಕೆ ಮುಗಿಯುತ್ತಾ ಬಂದದ್ದು ಅಲ್ಲಿಂದಲೇ ಅಲ್ವಾ?

ಬಿಸಿಲೇರುವ ಮೊದಲೇ ಇಳಿಯಿರಿ. ಇಳಿದ ಮೇಲೆ ಸಾರಸಬಾಗಿನ ಗಣಪತಿಗೆ ಕೈ ಮುಗಿಯಿರಿ, ಹತ್ತಿರವೇ ಇದೆ. ಈಗ ಹುಲ್ಲು ಹಾಸಿರುವ ಆ ತೋಟ ಒಂದು ಕಾಲಕ್ಕೆ ನಾನಾಸಾಹೇಬ ಮಾಡಿಸಿದ ಕೆರೆ, ಗಣಪತಿ ಇದ್ದದ್ದು ಅದರ ನಡುವಿನ ದಿಬ್ಬದ ಮೇಲೆ. ನಾಷ್ಟಾ ಮುಗಿಸಿ ಶನಿವಾರವಾಡೆಗೆ ಹೊರಟರೆ ಮಧ್ಯಾಹ್ನದ ಒಳಗೆ ಎರಡೂ ಆಗುತ್ತದೆ.