ನಾಲ್ಕು ಟಿಕೆಟ್, ಮೂರು ಜನ

2025ರ ಅಕ್ಟೋಬರ್‌ನಲ್ಲಿ ಏಸ್ ಫ್ರೇಲಿ ತೀರಿಕೊಂಡ ಸುದ್ದಿ ಬಂದಾಗ ನನಗೆ ಮೊದಲು ಫೋನ್ ಮಾಡಿದ್ದು ನಮ್ಮ ಬಳ್ಳಾರಿಯ ಕೌಲ್ ಬಜಾರ್‌ನ ಗೆಳೆಯ. "ಸ್ಪೇಸ್‌ಮನ್ ಹೋಗಿಬಿಟ್ಟನಲೇ" ಅಂದ, ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಏಸ್ ಅಂದ್ರೆ ಅಮೆರಿಕದ ಕಿಸ್ ಅನ್ನೋ ರಾಕ್ ಬ್ಯಾಂಡಿನ ಮೊದಲ ಲೀಡ್ ಗಿಟಾರಿಸ್ಟ್. ಕಣ್ಣಿನ ಸುತ್ತ ಬೆಳ್ಳಿ ಬಣ್ಣ ಬಳಿದುಕೊಂಡು 'ಸ್ಪೇಸ್‌ಮನ್' ವೇಷದಲ್ಲಿ ಬರುತ್ತಿದ್ದವರು. 74 ವರ್ಷ ಆಗಿತ್ತು. ಆ ಭಾನುವಾರ ರಾತ್ರಿ ಗೆಳೆಯನ ಮನೆಯಲ್ಲಿ ಕೂತು 'ಡೆಟ್ರಾಯ್ಟ್ ರಾಕ್ ಸಿಟಿ' ಸಿನಿಮಾ ನೋಡಿದೆವು. ನಾನು ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಲ್ಲ. ಅವನು ಮೊದಲಿಂದ ಕೊನೆವರೆಗೂ ನೋಡಿದ್ದು ಅದೇ ಮೊದಲು.

ಕಥೆ ಸಣ್ಣದು. 1978ರ ಅಮೆರಿಕ. ಕ್ಲೀವ್‌ಲ್ಯಾಂಡ್ ಊರಿನ ನಾಲ್ಕು ಹೈಸ್ಕೂಲ್ ಹುಡುಗರು, ಹಾಕ್, ಲೆಕ್ಸ್, ಟ್ರಿಪ್, ಜ್ಯಾಮ್. ನಾಲ್ಕೂ ಜನಕ್ಕೆ ಕಿಸ್ ಅಂದ್ರೆ ಪ್ರಾಣ. ಡೆಟ್ರಾಯ್ಟ್‌ನ ಕೋಬೋ ಹಾಲ್‌ನಲ್ಲಿ ಕಿಸ್ ಶೋ ಇದೆ, ಟಿಕೆಟ್ ಕೈಯಲ್ಲಿದೆ. ಜ್ಯಾಮ್‌ನ ಅಮ್ಮನಿಗೆ ಅದು ಸೈತಾನನ ಸಂಗೀತ. ಟಿಕೆಟ್ ಸಿಕ್ಕಿದ್ದೇ ತಡ ಸುಟ್ಟು ಹಾಕ್ತಾಳೆ, ಮಗನನ್ನು ಎಳೆದುಕೊಂಡು ಹೋಗಿ ಕ್ಯಾಥೊಲಿಕ್ ಹಾಸ್ಟೆಲ್ ಶಾಲೆಗೆ ಸೇರಿಸ್ತಾಳೆ. ಅಲ್ಲಿಂದ ಮುಂದೆ ಆ ಒಂದು ದಿನ, ಒಂದು ರಾತ್ರಿ ಹುಡುಗರು ಹೇಗಾದರೂ ಮಾಡಿ ಒಳಗೆ ಹೋಗೋಕೆ ಒದ್ದಾಡೋದೇ ಸಿನಿಮಾ.

1999ರಲ್ಲಿ ಬಂದ ಚಿತ್ರ ಇದು. ಆಡಮ್ ರಿಫ್ಕಿನ್ ನಿರ್ದೇಶಕ, ಕಿಸ್‌ನ ಜೀನ್ ಸಿಮನ್ಸ್ ನಿರ್ಮಾಪಕರಲ್ಲಿ ಒಬ್ಬರು. ಥಿಯೇಟರ್‌ನಲ್ಲಿ ಓಡಲಿಲ್ಲ, ಹಾಕಿದ ದುಡ್ಡೂ ವಾಪಸ್ ಬರಲಿಲ್ಲ. ಆಮೇಲೆ ಡಿವಿಡಿಯಲ್ಲಿ ನೋಡಿದವರು ಒಬ್ಬರಿಗೊಬ್ಬರು ಹೇಳಿ ಹೇಳಿ ಅದಕ್ಕೊಂದು ಬಳಗ ಹುಟ್ಟಿತು. ನನ್ನ ಕೈಗೂ ಹಾಗೇ ಬಂದಿದ್ದು.

ನಮ್ಮ ಬಳ್ಳಾರಿಯವರಿಗೆ ಅಭಿಮಾನಿ ಅಂದ್ರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಗಡಿ ಊರು. ಕನ್ನಡದ ಹೀರೋಗಳಿಗೂ ಕಟೌಟ್ ನಿಲ್ಲುತ್ತೆ, ತೆಲುಗಿನವರಿಗೂ ನಿಲ್ಲುತ್ತೆ. ಮೊದಲ ದಿನ ಹಾಲಿನ ಅಭಿಷೇಕ, ಪಟಾಕಿ, ಪರದೆ ಮುಂದೆ ಕುಣಿತ, ಇದನ್ನೆಲ್ಲ ನೋಡುತ್ತಾ ಬೆಳೆದವರು ನಾವು. ಆದರೆ 2004-05ರ ಹೊತ್ತಿಗೆ ಈ ಊರಲ್ಲಿ ರಾಕ್ ಕೇಳ್ತೀನಿ ಅನ್ನೋದು ಬೇರೆ ಥರ. ಕುಣಿಯೋಕೆ ಪಕ್ಕದಲ್ಲಿ ಜನ ಇಲ್ಲ. ಇದ್ದದ್ದು ನಾವು ನಾಲ್ಕೇ ಜನ, ಒಂದು ಸೈಬರ್ ಕೆಫೆ, ಒಂದೊಂದು ಹಾಡು ಡೌನ್‌ಲೋಡ್ ಆಗೋಕೆ ಅರ್ಧ ಗಂಟೆ. ಅದನ್ನು ಸಿಡಿಗೆ ಹಾಕಿಸಿ ಮೇಲೆ 'ಡಿಜಿಟಲ್ ಎಲೆಕ್ಟ್ರಾನಿಕ್ಸ್ ನೋಟ್ಸ್' ಅಂತ ಬರೀತಿದ್ದೆವು. ಸಿನಿಮಾ ಶುರುವಾಗೋದೇ ಹೀಗೆ. ಜ್ಯಾಮ್‌ನ ಅಮ್ಮ ಯಾವುದೋ ಮೆತ್ತಗಿನ ಹಾಡಿನ ರೆಕಾರ್ಡ್ ಅಂತ ಹಾಕ್ತಾಳೆ, ಒಳಗಿಂದ ಕಿಸ್ ಬರುತ್ತೆ! ಅದನ್ನು ಮೊದಲ ಸಲ ನೋಡಿದಾಗ ಇವರು ನಮ್ಮೋರೇ ಅನ್ನಿಸಿಬಿಟ್ಟಿತ್ತು.

ನಮಗೆ ಕಿಸ್ ಅನ್ನು ಕೇಳಿಸಿದ್ದು, ಇಂಗ್ಲೆಂಡಿನ ರಾಕ್ ಬ್ಯಾಂಡ್ ಐರನ್ ಮೇಡನ್ ಅನ್ನು ಕೇಳಿಸಿದ್ದು, ಎಲ್ಲಾ ಇದೇ ಕೌಲ್ ಬಜಾರ್‌ನ ಗೆಳೆಯ. ಅವನ ಅಪ್ಪನದು ಜೀನ್ಸ್ ಹೊಲಿಯೋ ಯೂನಿಟ್. ಮೆಷಿನ್‌ಗಳ ಸದ್ದಿನ ನಡುವೆ ಅವನು ಸ್ಪೀಕರ್ ಇಟ್ಟು ಕೇಳ್ತಿದ್ದ, ಅಲ್ಲಿ ಹೊಲಿಯೋ ಹುಡುಗರಿಗೂ ಎರಡು ಮೂರು ಹಾಡು ಬಾಯಿಪಾಠ ಆಗಿದ್ದವು.

2007ರ ಮಾರ್ಚ್ 17, ಶನಿವಾರ. ಬೆಂಗಳೂರಿನ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬರ್ತಾರೆ ಅಂತ ಗೊತ್ತಾದ ದಿನ ನಮಗೆ ಊಟ ಸೇರಲಿಲ್ಲ. ನಾಲ್ಕು ಟಿಕೆಟ್ ತರಿಸಿದೆವು. ಮನೆಯಲ್ಲಿ ಹೇಳಿದೆ. ನಮ್ಮಮ್ಮ ಜ್ಯಾಮ್‌ನ ಅಮ್ಮನ ಥರ ಅಲ್ಲ, "ಅದೇನ್ ಹಾಡೋ ಏನೋ, ಕುಕ್ಕರ್ ಕೂಗಿದಂಗ ಐತಿ" ಅಂತ ಬೈದರೂ ಬುತ್ತಿ ಕಟ್ಟಿ ಕಳಿಸಿದಳು. ತೊಂದರೆ ಆಗಿದ್ದು ಗೆಳೆಯನಿಗೆ. ಯುಗಾದಿ ಹತ್ತಿರ ಬಂದಿತ್ತು, ಯೂನಿಟ್‌ನಲ್ಲಿ ಹಬ್ಬದ ಆರ್ಡರ್ ರಾಶಿ ಬಿದ್ದಿತ್ತು, ಇಬ್ಬರು ಟೈಲರ್‌ಗಳು ಬಂದಿರಲಿಲ್ಲ. ಶುಕ್ರವಾರ ಸಂಜೆ ಫೋನ್ ಮಾಡಿ "ನೀವು ಹೋಗ್ಬರ್ರಲೇ" ಅಂದ. ನಾವು ಮೂವರು ಹಂಪಿ ಎಕ್ಸ್‌ಪ್ರೆಸ್ ಹತ್ತಿದೆವು.

ಶೋ ಬಗ್ಗೆ ಎಷ್ಟು ಹೇಳಿದರೂ ಸಾಲದು. ಅಷ್ಟು ಕಪ್ಪು ಟೀ ಶರ್ಟ್ ಒಂದೇ ಕಡೆ ನೋಡಿದ್ದು ಅದೇ ಮೊದಲು, ನಮ್ಮಂಥವರು ದೇಶದ ತುಂಬಾ ಇದ್ದಾರೆ ಅಂತ ಗೊತ್ತಾಗಿದ್ದೂ ಅವತ್ತೇ. ಗುವಾಹಟಿಯಿಂದ, ಶಿಲ್ಲಾಂಗ್‌ನಿಂದ ಬಂದವರು ಪಕ್ಕದಲ್ಲಿ ನಿಂತಿದ್ದರು. ನಡುವೆ ಗೆಳೆಯನಿಗೆ ಫೋನ್ ಹಚ್ಚಿ ಮೇಲೆತ್ತಿ ಹಿಡಿದೆ. ಕರೆನ್ಸಿ ಮುಗಿಯೋವರೆಗೂ ಹಿಡಿದಿದ್ದೆ. ಆಮೇಲೆ ಕೇಳಿದರೆ "ಬರೀ ಗದ್ದಲ ಕೇಳ್ತಲೇ, ಆದ್ರೂ ಇಡಲಿಲ್ಲ ನಾನು" ಅಂದ. ಅವನ ಟಿಕೆಟ್ ವಾಪಸ್ ತಂದು ಕೊಟ್ಟೆವು. ನಮ್ಮ ಮೂವರ ಹರಿದ ಟಿಕೆಟ್‌ಗಳು ಎಲ್ಲಿ ಹೋದವೋ ಗೊತ್ತಿಲ್ಲ. ಅವನದು ಇನ್ನೂ ಇಡಿಯಾಗಿ ಬೀರುವಿನಲ್ಲಿ ಇದೆ.

ಸರಿ, ಸಿನಿಮಾಕ್ಕೆ ಬರ್ತೀನಿ. ಎಲ್ಲಾ ಚೆನ್ನಾಗಿದೆ ಅಂತ ನಾನು ಹೇಳಲ್ಲ. ಮನೆಯವರ ಜೊತೆ ಕೂತು ನೋಡೋಕೆ ಆಗದ ದೃಶ್ಯಗಳಿವೆ, ಚರ್ಚಿನ ಪಾಪನಿವೇದನೆ ಗೂಡಿನ ದೃಶ್ಯ ನನಗೆ ಇವತ್ತಿಗೂ ಹಿಡಿಸಲ್ಲ. ಡಿಸ್ಕೋ ಕೇಳೋರನ್ನು ಅಷ್ಟು ಕೀಳಾಗಿ ತೋರಿಸಿದ್ದೂ ಬೇಕಿರಲಿಲ್ಲ. ಆ ಕಾಲದಲ್ಲಿ ಅಲ್ಲಿ ಆ ದ್ವೇಷ ಇದ್ದದ್ದು ನಿಜ, 1979ರ ಜುಲೈನಲ್ಲಿ ಶಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ರೆಕಾರ್ಡ್‌ಗಳನ್ನು ಪೇರಿಸಿ ಮದ್ದಿಟ್ಟು ಉಡಾಯಿಸಿದ್ದರು. ಅದೇ ವರ್ಷ ಕಿಸ್‌ನವರೇ ಡಿಸ್ಕೋ ತಾಳದ ಹಾಡು ಮಾಡಿ ಗೆದ್ದರು, ನೋಡಿ. ಒಂದನ್ನು ಪ್ರೀತಿಸೋಕೆ ಇನ್ನೊಂದನ್ನು ತುಳೀಬೇಕು ಅನ್ನೋದು ನನಗೆ ಒಪ್ಪಿಗೆ ಇಲ್ಲ. ಹೀರೋ ಹೆಸರಲ್ಲಿ ಪೋಸ್ಟರ್ ಹರಿದು ಹೊಡೆದಾಡೋ ಹುಡುಗರನ್ನು ಇಲ್ಲೂ ನೋಡಿದ್ದೀನಿ, ಅವತ್ತೂ ಬೇಜಾರಾಗಿತ್ತು.

ನನಗೆ ಈ ಸಿನಿಮಾ ಯಾಕೆ ಇಷ್ಟ ಅಂದ್ರೆ, ಇದರಲ್ಲಿ ಕಿಸ್ ಕಾಣೋದು ಕೊನೆಯ ಕೆಲವೇ ನಿಮಿಷ. ಉಳಿದದ್ದೆಲ್ಲಾ ದಾರಿ. ಕ್ಲೀವ್‌ಲ್ಯಾಂಡ್‌ನಿಂದ ಡೆಟ್ರಾಯ್ಟ್‌ಗೆ ಸುಮಾರು 270 ಕಿಲೋಮೀಟರ್, ಬಳ್ಳಾರಿಯಿಂದ ಬೆಂಗಳೂರಿಗೆ 300ರ ಆಸುಪಾಸು. ಆ ದೂರ ಏನು ಅಂತ ನಮಗೆ ಗೊತ್ತು. ಸ್ಟೇಜ್ ಮೇಲಿನವರ ಕಥೆ ಹೇಳೋಕೆ ಜನ ಇದ್ದಾರೆ, ಗೇಟ್ ಹೊರಗೆ ನಿಂತವರ ಕಥೆ ಹೇಳಿದವರು ಕಮ್ಮಿ. ಅಮ್ಮನ ಎದುರು ನಿಂತು ಜ್ಯಾಮ್ ತನ್ನ ಡ್ರಮ್ ಕಡ್ಡಿಗಳನ್ನು ವಾಪಸ್ ಕೊಡು ಅಂತ ಕೇಳ್ತಾನಲ್ಲ, ಕೊನೆಗೆ ಸ್ಟೇಜ್ ಮೇಲಿಂದ ಕಿಸ್‌ನ ಡ್ರಮ್ಮರ್ ಪೀಟರ್ ಕ್ರಿಸ್ ಎಸೆದ ಕಡ್ಡಿ ಗಾಳಿಯಲ್ಲಿ ತಿರುಗುತ್ತಾ ಬಂದು ಅದೇ ಹುಡುಗನ ಕೈಗೆ ಬೀಳುತ್ತೆ. ಪ್ರತಿ ಸಲವೂ ಗಂಟಲು ಕಟ್ಟುತ್ತೆ ನನಗೆ.

ಆದರೆ ಆ ಭಾನುವಾರ ಗಂಟಲು ಕಟ್ಟಿದ್ದು ಅಲ್ಲಲ್ಲ, ಅದಕ್ಕೂ ಬಹಳ ಮುಂಚೆ. ರೇಡಿಯೋ ಸ್ಪರ್ಧೆಯಲ್ಲಿ ಟಿಕೆಟ್ ಗೆದ್ದೆವು ಅಂತ ಹುಡುಗರು ಕುಣೀತಾರೆ. ಜ್ಯಾಮ್ ಇರೋದು ಹಾಸ್ಟೆಲ್‌ನಲ್ಲಿ. ಮೂವರೇ ಸುಮ್ನೆ ಕಾರ್ ಹತ್ತಿ ಡೆಟ್ರಾಯ್ಟ್‌ಗೆ ಹೋಗಬಹುದಿತ್ತು. ಹೋಗಲ್ಲ. ಪಿಜ್ಜಾ ತಂದವರ ಹಾಗೆ ಹಾಸ್ಟೆಲ್‌ಗೆ ನುಗ್ಗಿ, ಪಾದ್ರಿಯ ಕಣ್ಣು ತಪ್ಪಿಸಿ ಅವನನ್ನು ಹೊರಗೆ ಎಳೆದುಕೊಂಡು ಬರ್ತಾರೆ, ಆಮೇಲೇ ಹೊರಡೋದು.

ಅಲ್ಲಿಗೆ ಗೆಳೆಯ ರಿಮೋಟ್ ತಗೊಂಡು ನಿಲ್ಲಿಸಿದ. ಪರದೆ ಕಡೆನೇ ನೋಡ್ತಾ ಕೇಳಿದ, "ಅವತ್ತು ನೀವ್ಯಾರಾದ್ರೂ ಬಂದು ನಮ್ಮಪ್ಪನ್ನ ಕೇಳಿದ್ರೇನಲೇ?"

ಇಲ್ಲ. ಕೇಳಿರಲಿಲ್ಲ. ಅವನು ಹೋಗ್ಬರ್ರಿ ಅಂದ, ನಾವು ಹೋದೆವು. ಕೌಲ್ ಬಜಾರ್ ದಾಟಿಕೊಂಡೇ ಸ್ಟೇಷನ್‌ಗೆ ಹೋಗಿದ್ದು, ಆಟೋ ಕೂಡ ನಿಲ್ಲಿಸಲಿಲ್ಲ. ನಾವೂ ಮೂವರು ಸೇರಿ ರಾತ್ರಿಯೆಲ್ಲಾ ಕೂತು ಗುಂಡಿ ಹಚ್ಚೋದೋ, ಪ್ಯಾಂಟ್ ಮಡಚಿ ಕಟ್ಟೋದೋ ಮಾಡಿ ಶನಿವಾರ ಬೆಳಗಿನ ಬಸ್ ಹಿಡಿದಿದ್ದರೂ ಸಂಜೆ ಶೋಗೆ ಮುಟ್ಟುತ್ತಿದ್ದೆವು. ಹದಿನೆಂಟು ವರ್ಷದಲ್ಲಿ ಇದು ಒಮ್ಮೆಯೂ ನನ್ನ ತಲೆಗೆ ಬಂದಿರಲಿಲ್ಲ. ಅದನ್ನೇ ಹೇಳಿದೆ ಅವನಿಗೆ. ತಪ್ಪಾಯ್ತಲೇ ಅಂದೆ.

"ಅಪ್ಪ ಕಳಿಸ್ತಿದ್ನೇನೋ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಸೌಂಡ್ ಜಾಸ್ತಿ ಮಾಡು, ಏಸ್ ಬರ್ತಾನಲ್ಲ ಕೊನೀಗೆ" ಅಂತ ರಿಮೋಟ್ ನನ್ನ ಕೈಗೆ ಕೊಟ್ಟ.