ಮಲ್ಲೇಶ್ವರದಲ್ಲಿ ಮನೆ ಮಾಡಬಹುದಾ?

"ಮಲ್ಲೇಶ್ವರದಲ್ಲಿ ಬಾಡಿಗೆಗೆ ಮನೆ ಮಾಡಬಹುದಾ? ಅಲ್ಲಿ ಜೀವನ ಹೇಗೆ?" ಬೆಂಗಳೂರಿಗೆ ಹೊಸದಾಗಿ ಬರುವವರು ಕೇಳುತ್ತಾರೆ. ಹೊರವಲಯದ ಅಪಾರ್ಟ್‌ಮೆಂಟ್ ಬಿಟ್ಟು ಊರೊಳಗೆ ಬರಬೇಕು ಅನ್ನುವವರು ಇನ್ನೂ ಜಾಸ್ತಿ ಕೇಳುತ್ತಾರೆ. ನಡೆದು ಬದುಕುವ ಮನಸ್ಸಿದ್ದರೆ ಖಂಡಿತ ಬನ್ನಿ, ಇದು ನನ್ನ ಉತ್ತರ. ಕಾರಿಲ್ಲದೆ ಕೈಕಾಲು ಆಡುವುದಿಲ್ಲ ಅನ್ನುವವರಿಗೆ ಈ ಜಾಗ ಬೇಡ.

ಇದಕ್ಕೆ ಕಾರಣ ಬಡಾವಣೆ ಹುಟ್ಟಿದ ರೀತಿಯಲ್ಲೇ ಇದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನ ಕೇರಿಗಳಲ್ಲಿ ಜನ ತುಂಬಾ ನರಳಿದರು. ಗಾಳಿ ಬೆಳಕು ಇರುವ ಜಾಗ ಬೇಕು ಅಂತ ಆ ಕಾಲದಲ್ಲಿ ಬೆಳೆದ ಬಡಾವಣೆಗಳೇ ಬಸವನಗುಡಿ, ಮಲ್ಲೇಶ್ವರ. ಉದ್ದಕ್ಕೆ ಮೇನ್‌ಗಳು, ಅಡ್ಡಕ್ಕೆ ಕ್ರಾಸ್‌ಗಳು, ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿಗಳು. ಆ ಓಣಿಗಳನ್ನು ಬಿಟ್ಟದ್ದು ಮಲ ಹೊರುವವರು ಮನೆಯ ಹಿಂದಿನಿಂದಲೇ ಬಂದು ಹೋಗಲಿ ಅಂತ. ಈಗ ಅಲ್ಲಿ ಆರಾಮಾಗಿ ನಡೆದಾಡುವ ನಾವು ಅದನ್ನು ಮರೆಯಬಾರದು.

ಮನೆಗಳ ಮುಂದೆ ಕಾರು ನಿಲ್ಲದ ಕಾಲದ ಅಳತೆ ಇದು. ಹಳೆಯ ಒಂದು ಮನೆ ಇದ್ದ ಸೈಟಿನಲ್ಲಿ ಈಗ ಮೂರ್ನಾಲ್ಕು ಮಹಡಿ, ಪ್ರತಿ ಮಹಡಿಗೂ ಒಂದು ಗಾಡಿ. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಎರಡೂ ಒನ್‌ವೇ. ಸಂಜೆ ಕಾರಿನಲ್ಲಿ ಹೋಗಿ ಕೊತ್ತಂಬರಿ ಸೊಪ್ಪು ತರುವಷ್ಟರಲ್ಲಿ ನಡೆದು ಹೋದವರು ಮನೆಗೆ ಬಂದು ಅಡುಗೆ ಮುಗಿಸಿರುತ್ತಾರೆ. ಗಾಡಿ ಇದ್ದೇ ಇದೆ ಅಂದರೆ, ಕಾಂಪೌಂಡ್ ಒಳಗೆ ಜಾಗ ಇರುವ ಮನೆಯನ್ನೇ ನೋಡಿ. ಏಪ್ರಿಲ್, ಮೇ ತಿಂಗಳ ಗಾಳಿಮಳೆಯಲ್ಲಿ ದೊಡ್ಡ ಮರದ ಕೆಳಗೆ ಮಾತ್ರ ನಿಲ್ಲಿಸಬೇಡಿ. ಕೊಂಬೆ ಬೀಳುತ್ತದೆ, ಒಮ್ಮೊಮ್ಮೆ ಮರವೇ ಬೀಳುತ್ತದೆ.

ಕಾರು ಬಿಟ್ಟರೆ ಬೇಕಾದ್ದೆಲ್ಲ ಕಾಲಳತೆಯಲ್ಲಿ ಇದೆ. 2014ರಿಂದ ಸಂಪಿಗೆ ರಸ್ತೆಯ ಮೆಟ್ರೋ ನಿಲ್ದಾಣ ಇದೆ, ಹಸಿರು ಮಾರ್ಗದ್ದು. ಮೆಜೆಸ್ಟಿಕ್ ಹತ್ತಿರವೇ. ತುಮಕೂರು ಕಡೆಗೆ ಓಡಾಡುವವರಿಗೆ ಮಲ್ಲೇಶ್ವರದ ರೈಲು ನಿಲ್ದಾಣ ಇದೆ. ಬೆಳಿಗ್ಗೆ ನಡಿಗೆಗೆ ಸ್ಯಾಂಕಿ ಕೆರೆ. ಕರ್ನಲ್ ರಿಚರ್ಡ್ ಸ್ಯಾಂಕಿ 1882ರಲ್ಲಿ ಕಟ್ಟಿಸಿದ ಕೆರೆ ಅದು. ಸಂಜೆ ಸೇವಾ ಸದನದಲ್ಲಿ ಸಂಗೀತವೋ ನೃತ್ಯವೋ ಇದ್ದರೆ ಚಪ್ಪಲಿ ಹಾಕಿಕೊಂಡು ಹೊರಟರೆ ಸಾಕು. ದೋಸೆಗೆ ಸಿಟಿಆರ್, ಇಡ್ಲಿಗೆ ವೀಣಾ ಸ್ಟೋರ್ಸ್ ಅಂತ ಎಲ್ಲರೂ ಹೇಳಿಯೇ ಇರುತ್ತಾರೆ. ರೈಲು ನಿಲ್ದಾಣದ ಎದುರಿನ ರಾಘವೇಂದ್ರ ಸ್ಟೋರ್ಸ್‌ಗೂ ಒಮ್ಮೆ ಹೋಗಿ, ನಿಂತುಕೊಂಡು ಇಡ್ಲಿ ತಿನ್ನಿ.

ಸಾಮಾನು ತರಲು 8ನೇ ಕ್ರಾಸ್. ಸೊಪ್ಪು ಕಟ್ಟಿನ ಲೆಕ್ಕ, ಹೂವು ಮೊಳ, ಮಾರಿನ ಲೆಕ್ಕ. ಒಬ್ಬರ ಹತ್ತಿರವೇ ತಪ್ಪದೆ ತೆಗೆದುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಪರಿಚಯ ಆದಮೇಲೆ "ಅಕ್ಕ, ಇವತ್ತಿನ ಸಬ್ಬಸಿಗೆ ಬೇಡ, ನಾಳೆ ಬನ್ನಿ" ಅಂತ ಅವರೇ ಹೇಳುತ್ತಾರೆ. ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ ಬಂದ ದಿನ ಕರೆದು ಕೊಡುತ್ತಾರೆ. ನೀವು ಊರಿಗೆ ಹೋಗಿ ಬಂದರೆ ಎಲ್ಲಿ ಹೋಗಿದ್ದಿರಿ ಅಂತ ಕೇಳುತ್ತಾರೆ. ಒಂಟಿಯಾಗಿರುವ ವಯಸ್ಸಾದವರಿಗೆ ಈ ಒಂದು ಪ್ರಶ್ನೆ ಎಷ್ಟು ದೊಡ್ಡ ಆಸರೆ ಅಂತ ನಾನು ಹತ್ತಿರದಿಂದ ಕಂಡಿದ್ದೇನೆ. ಫುಟ್‌ಪಾತ್ ಮೇಲಿನ ವ್ಯಾಪಾರಿಗಳನ್ನೆಲ್ಲ ಎಬ್ಬಿಸಿದರೆ ರಸ್ತೆ ಚೆಂದ ಆಗುತ್ತದೆ ಅನ್ನುವವರ ಮಾತು ಅದಕ್ಕೇ ನನಗೆ ಒಪ್ಪಿಗೆಯಿಲ್ಲ. ನಡೆಯುವವರಿಗೂ ಜಾಗ ಬೇಕು, ನಿಜ. ಅದಕ್ಕೆ ಮೊದಲು ಕಾರುಗಳನ್ನು ಸರಿಸಿ.

ಮನೆ ನೋಡುವಾಗ ಟೈಲ್ಸ್, ಬಣ್ಣ ಆಮೇಲೆ ನೋಡಿ. ಮೊದಲು ನೀರು ಕೇಳಿ. ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ ಪಂಪ್ ಆಗಿ ಮೇಲೇರಿ ಬರಬೇಕು. ದಿನವಿಡೀ ನಲ್ಲಿಯಲ್ಲಿ ಬರುವುದಿಲ್ಲ. ಯಾವ ಯಾವ ದಿನ ಬಿಡುತ್ತಾರೆ, ಸಂಪು ಎಷ್ಟು ಲೀಟರಿನದು, ಎಷ್ಟು ಮನೆಗೆ ಒಂದೇ ಸಂಪು, ಮೋಟರ್ ಹಾಕುವವರು ಯಾರು? ಓನರ್ ಹೇಳಿದ್ದಷ್ಟೇ ಸಾಲದು, ಈಗಿರುವ ಬಾಡಿಗೆದಾರರನ್ನು ಕೇಳಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ನಂಬಿದ ಹೊರವಲಯ ಎಷ್ಟು ಕಷ್ಟಪಟ್ಟಿತು ಅಂತ ನೋಡಿದ್ದೇವೆ, ಅಲ್ವಾ? ಹಾಗಾಗಿ ಕಾವೇರಿ ಕನೆಕ್ಷನ್ ಇದೆಯಾ ಅಂತ ಖಚಿತ ಮಾಡಿಕೊಳ್ಳಿ. ನೀರಿನ ದೂರಿಗೆ 1916, ಕರೆಂಟಿಗೆ 1912, ಎರಡೂ ನಂಬರ್ ಫೋನಿನಲ್ಲಿ ಇರಲಿ.

ಕಸದ ಆಟೋ ಬೆಳಿಗ್ಗೆ ಬರುತ್ತದೆ. ಹಸಿ ಕಸ, ಒಣ ಕಸ ಬೇರೆ ಬೇರೆ ಇರಲಿ. ಡಯಾಪರ್, ಪ್ಯಾಡುಗಳನ್ನು ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಪ್ರತ್ಯೇಕವಾಗಿ ಕೊಡಿ. ಒಡೆದ ಗಾಜನ್ನು ಸುಮ್ನೆ ಕವರಿಗೆ ಹಾಕಬೇಡಿ, ಅದನ್ನು ಕೈಯಲ್ಲಿ ಎತ್ತುವವರು ಒಬ್ಬ ಮನುಷ್ಯರು. ನಿಮ್ಮ ಬೀದಿಗೆ ಬರುವ ಪೌರಕಾರ್ಮಿಕರ ಹೆಸರು ಕೇಳಿಕೊಳ್ಳಿ. ಹೆಸರು ಹಿಡಿದು ಕರೆದರೆ, ಬೇಸಿಗೆಯಲ್ಲಿ ಒಂದು ಲೋಟ ಮಜ್ಜಿಗೆ ಕೊಟ್ಟರೆ, ಅದೇ ನೆರೆಹೊರೆಯ ಶುರು.

ಇನ್ನು ಬಾಡಿಗೆ. ಆ್ಯಪ್‌ನಲ್ಲಿ ಸಿಗದ ಎಷ್ಟೋ ಮನೆಗಳು ಇಲ್ಲಿ ಗೇಟಿಗೆ ತೂಗುಹಾಕಿದ ಟು-ಲೆಟ್ ಬೋರ್ಡಿನಲ್ಲಿ ಸಿಗುತ್ತವೆ. ಒಂದೊಂದೇ ಕ್ರಾಸ್ ನಡೆಯುತ್ತಾ ಹೋಗಿ, ದಿನಸಿ ಅಂಗಡಿಯವರನ್ನು, ಇಸ್ತ್ರಿಯವರನ್ನು ವಿಚಾರಿಸಿ. ಬ್ರೋಕರ್‌ಗೆ ಕೊಡಬೇಕಾದ ಒಂದು ತಿಂಗಳ ಬಾಡಿಗೆ ನಿಮಗೆ ಉಳಿಯುತ್ತದೆ. ಕರಾರು ಸಾಮಾನ್ಯವಾಗಿ 11 ತಿಂಗಳಿಗೆ. ಖಾಲಿ ಮಾಡುವಾಗ ಬಣ್ಣಕ್ಕೆ ಅಂತ ಅಡ್ವಾನ್ಸ್‌ನಲ್ಲಿ ಎಷ್ಟು ಮುರಿದುಕೊಳ್ಳುತ್ತಾರೆ ಅನ್ನುವುದನ್ನು ಅದರಲ್ಲೇ ಬರೆಸಿ. ಭೋಗ್ಯಕ್ಕೆ ಹಾಕುವುದಾದರೆ ದೊಡ್ಡ ಗಂಟು ಕೊಡುತ್ತೀರಿ, ಪತ್ರ ರಿಜಿಸ್ಟರ್ ಮಾಡಿಸದೆ ಕೊಡಬೇಡಿ.

ಒಂದು ನೋವಿನ ಮಾತೂ ಹೇಳಬೇಕು. ಕೆಲವು ಓನರ್‌ಗಳು ಊಟ ಏನು, ಜಾತಿ ಯಾವುದು ಅಂತ ಮೊದಲೇ ಕೇಳುತ್ತಾರೆ. ಬಾಡಿಗೆ ಕಟ್ಟುವ, ಮನೆ ಚೊಕ್ಕಟವಾಗಿ ಇಟ್ಟುಕೊಳ್ಳುವ ಜನ ಈ ಪ್ರಶ್ನೆಯಿಂದಲೇ ವಾಪಸ್ ಹೋಗಿದ್ದಾರೆ. ಇದು ತಪ್ಪು. ಪ್ಲೇಗ್‌ಗೆ ಹೆದರಿ ಬಂದವರಿಗೆ ಜಾಗ ಕೊಟ್ಟ ಬಡಾವಣೆ ಇದು, ಇಂಥ ಮಾತು ಇಲ್ಲಿ ಕೇಳಿಬರಬಾರದು. ಹಾಗೆ ಕೇಳದ ಓನರ್‌ಗಳೂ ಬೇಕಾದಷ್ಟು ಇದ್ದಾರೆ. ಒಂದು ಗೇಟಿನಲ್ಲಿ ಬೇಡ ಅಂದರೆ ಮುಂದಿನ ಕ್ರಾಸ್‌ಗೆ ಹೋಗಿ, ಮಲ್ಲೇಶ್ವರವನ್ನೇ ಬಿಟ್ಟುಬಿಡಬೇಡಿ.

ಯಾವಾಗ ಹುಡುಕಬೇಕು ಅಂತಲೂ ಕೇಳುತ್ತಾರೆ. ಆಷಾಢದಲ್ಲಿ. ಆ ತಿಂಗಳು ಹೊಸ ಮನೆಗೆ ಹೋಗಬಾರದು ಅಂತ ತುಂಬಾ ಜನ ನಂಬುತ್ತಾರೆ. ಹಾಗಾಗಿ ಪೈಪೋಟಿ ಕಡಿಮೆ, ಬಾಡಿಗೆ ಮಾತಾಡಲು ಓನರ್‌ಗೂ ಪುರುಸೊತ್ತು. ಶ್ರಾವಣ ಬಂದರೆ ವರಮಹಾಲಕ್ಷ್ಮಿ, ಹಿಂದೆಯೇ ಗೌರಿ ಗಣೇಶ, 8ನೇ ಕ್ರಾಸ್ ಬಾಳೆಕಂದು, ಮಾವಿನ ಸೊಪ್ಪಿನ ರಾಶಿಯಿಂದ ತುಂಬಿಹೋಗುತ್ತದೆ. ಕಾರ್ತಿಕದಲ್ಲಿ ಕಾಡುಮಲ್ಲೇಶ್ವರ ದೇವಸ್ಥಾನದ ಸುತ್ತ ಕಡಲೆಕಾಯಿ ಪರಿಷೆ. ಸಾಮಾನು ಸಾಗಿಸುವ ಟೆಂಪೋವನ್ನು ಮಾತ್ರ ಆ ದಿನಗಳಿಗೆ ಗೊತ್ತು ಮಾಡಬೇಡಿ.