ಪಿಸ್ತೂಲಿಗೆ ಹೊಸ ಬಿಡಿಭಾಗ ಹಾಕಿಸಿದರೆ ಗುರಿ ಸುಧಾರಿಸುತ್ತದೆಯೇ?

ಇಲ್ಲ. ಒಂದೇ ಒಂದು ಬಿಡಿಭಾಗವನ್ನು ಹೊರತುಪಡಿಸಿದರೆ, ಮಾರುಕಟ್ಟೆಯಲ್ಲಿ ಸಿಗುವ ಬೇರಾವುದರಿಂದಲೂ ನಿಮ್ಮ ಮಕ್ಕಳ ಸ್ಕೋರು ಏರುವುದಿಲ್ಲ. ಬೆಂಗಳೂರಿನಲ್ಲಿ ಹತ್ತು ಮೀಟರ್ ಏರ್ ಪಿಸ್ತೂಲ್ ಕಲಿಸುವ ನಾನು ಇದನ್ನು ಬಾಯಲ್ಲಿ ಹೇಳಿ ಹೇಳಿ ಸೋತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನೇ ಕಳುಹಿಸುತ್ತೇನೆ.

ನನಗೆ ಬೇಸರ ತರಿಸುವುದು ಪ್ರಶ್ನೆಗಿಂತ ಅದನ್ನು ಕೇಳುವ ರೀತಿ. "ಸರ್, ಈ ಟ್ರಿಗರ್ ಹಾಕಿಸಿದರೆ ಎಷ್ಟು ಪಾಯಿಂಟ್ ಜಾಸ್ತಿ ಆಗುತ್ತೆ?" ಅಂಕಗಳು ಆ ಲೋಹದ ತುಂಡಿನೊಳಗೇ ಇವೆ, ತಿರುಪು ಬಿಗಿದ ಕೂಡಲೇ ಮಗುವಿನ ಕೈಗೆ ಇಳಿದುಬಿಡುತ್ತವೆ ಎಂಬ ನಂಬಿಕೆ ಆ ಮಾತಿನಲ್ಲಿದೆ. ಹೆಚ್ಚಿನ ಸಲ ಹಣ ಆಗಲೇ ಪಾವತಿಯಾಗಿರುತ್ತದೆ. ಅವರಿಗೆ ಬೇಕಾಗಿರುವುದು ನನ್ನ ಉತ್ತರವಲ್ಲ, ಒಪ್ಪಿಗೆ. ಆ ಒಪ್ಪಿಗೆಯನ್ನು ನಾನು ಕೊಡಲಾರೆ, ಏಕೆಂದರೆ ಸೋಮವಾರ ಬೆಳಿಗ್ಗೆ ಆ ಮಗು ಹೊಸ ಭಾಗ ಹಾಕಿದ ಪಿಸ್ತೂಲಿನಿಂದ ಹತ್ತಕ್ಕೆ ಎಂಟೇ ಅಂಕ ಹೊಡೆದು, ತಪ್ಪೆಲ್ಲ ತನ್ನದೇ ಎಂದು ಕಣ್ಣು ತುಂಬಿಕೊಂಡು ನಿಲ್ಲುವುದು ನನ್ನ ಎದುರಿಗೆ.

ಮೊದಲು ಪಿಸ್ತೂಲಿನ ವಿಷಯ. ಮೊರಿನಿ, ಸ್ಟೇಯರ್, ಪಾರ್ಡಿನಿ, ವಾಲ್ಥರ್ ಮೊದಲಾದವರು ಸ್ಪರ್ಧೆಗೆಂದೇ ತಯಾರಿಸುವ ಏರ್ ಪಿಸ್ತೂಲನ್ನು ವೈಸಿಗೆ (ಅಲುಗದಂತೆ ಬಿಗಿದು ಹಿಡಿಯುವ ಸಾಧನಕ್ಕೆ) ಕಟ್ಟಿ, ಅದಕ್ಕೆ ಹೊಂದುವ ಪೆಲೆಟ್, ಅಂದರೆ ಸಣ್ಣ ಗುಂಡು, ಹಾಕಿ ಐದು ಸಲ ಹೊಡೆದರೆ, ಐದೂ ಸೇರಿ ಒಂದೇ ತೂತಿನಂತೆ ಕಾಣುತ್ತವೆ. ಪೆಲೆಟ್ಟಿನ ವ್ಯಾಸ 4.5 ಮಿಲಿಮೀಟರ್, ಗುರಿಯ ನಡುವಿನ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿಲಿಮೀಟರ್. ಅಂದರೆ ಪ್ರತಿ ಸಲವೂ ಹತ್ತು ಹೊಡೆಯುವ ಶಕ್ತಿ ಪಿಸ್ತೂಲಿಗೆ ಕಾರ್ಖಾನೆಯಲ್ಲೇ ಬಂದಿದೆ. ಹತ್ತಕ್ಕೆ ಹತ್ತು ಹೊಡೆಯಬಲ್ಲ ಯಂತ್ರಕ್ಕೆ ಬೇರೆ ಬ್ಯಾರೆಲ್ಲನ್ನೋ, ಬ್ಯಾರೆಲ್ಲಿನ ತುದಿಗೆ ಹೊಸ ಕಾಂಪೆನ್ಸೇಟರನ್ನೋ (ಹೊಡೆದಾಗಿನ ಅಲುಗಾಟ ತಗ್ಗಿಸುವ ಭಾಗವನ್ನೋ) ಜೋಡಿಸಿ ಪಡೆಯುವುದೇನಿದೆ?

ಹಾಗಾದರೆ ಗುಂಡು ಏಳಕ್ಕೆ ಹೋಗುವುದೇಕೆ? ಗುರಿ ನೋಡಲು ಪಿಸ್ತೂಲಿನ ಮೇಲಿರುವ ಮುಂದಿನ ಸೈಟಿಗೂ ಹಿಂದಿನ ಸೈಟಿಗೂ ನಡುವಿನ ಅಂತರ ಸುಮಾರು 35 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಹಿಂದಿನ ಸೈಟಿನ ಕಚ್ಚಿನ ನಡುವೆ ನಿಲ್ಲಬೇಕಾದ ಮುಂದಿನ ಸೈಟು ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ, ಹತ್ತು ಮೀಟರ್ ಆಚೆ ಗುಂಡು ನಡುವಿನಿಂದ 28 ಮಿಲಿಮೀಟರಿಗಿಂತಲೂ ಹೆಚ್ಚು ದೂರ ಬೀಳುತ್ತದೆ, ಅದು ಏಳು. ಅದೇ, ಎರಡೂ ಸೈಟುಗಳು ಒಂದೇ ನೇರದಲ್ಲಿದ್ದು, ಉಸಿರಿನ ಜೊತೆಗೆ ಇಡೀ ಕೈ ಐದು ಮಿಲಿಮೀಟರ್ ಪಕ್ಕಕ್ಕೆ ಸರಿದರೂ ಗುಂಡು ಐದು ಮಿಲಿಮೀಟರ್ ಮಾತ್ರ ಸರಿಯುತ್ತದೆ. ಅದು ಇನ್ನೂ ಹತ್ತೇ. ಮಕ್ಕಳು ಕೈ ನಡುಗುತ್ತದೆಂದು ಹೆದರುತ್ತಾರೆ, ಆದರೆ ಅಂಕ ತಿನ್ನುವುದು ಆ ನಡುಕವಲ್ಲ, ಟ್ರಿಗರ್ ಎಳೆಯುವ ಗಳಿಗೆಯಲ್ಲಿ ಮಣಿಕಟ್ಟು ಮಾಡುವ ಸಣ್ಣ ತಿರುವು. ಆ ತಿರುವನ್ನು ತಡೆಯುವ ಬಿಡಿಭಾಗವನ್ನು ಯಾರೂ ಮಾರುತ್ತಿಲ್ಲ.

ಟ್ರಿಗರ್ ಹಗುರವಾಗಿಸಿದರೆ ತಿರುವು ಕಡಿಮೆಯಾಗುವುದಿಲ್ಲವೇ ಎಂದು ಕೇಳುತ್ತಾರೆ. ನಿಯಮದ ಪ್ರಕಾರ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ತೂಕವನ್ನು ತಡೆದು ನಿಲ್ಲಬೇಕು. ನಿಮ್ಮ ಪಿಸ್ತೂಲು ಅದರ ಸಮೀಪಕ್ಕೆ ಈಗಾಗಲೇ ಹೊಂದಿಸಿಕೊಂಡೇ ಬಂದಿದೆ. ಅದಕ್ಕಿಂತ ಹಗುರ ಮಾಡಿಸಿದರೆ ತಪಾಸಣೆಯ ಮೇಜಿನಲ್ಲಿ ಸಿಕ್ಕಿಬೀಳುತ್ತದೆ, ಸ್ಪರ್ಧೆ ಮುಗಿದ ಮೇಲೆ ಸಿಕ್ಕಿಬಿದ್ದರೆ ಅಂದಿನ ಶ್ರಮವೆಲ್ಲ ಹೋಗುತ್ತದೆ. ಪಿಸ್ತೂಲಿಗೆ ಭಾರ ಕೂಡಿಸಲು ಜೋಡಿಸುವ ತೂಕದ ಕಂಬಿಗಳ ಕಥೆಯೂ ಅಷ್ಟೆ. ಪಿಸ್ತೂಲಿನ ಒಟ್ಟು ತೂಕಕ್ಕೆ 1500 ಗ್ರಾಂವರೆಗೆ ಅವಕಾಶವಿದೆ ನಿಜ, ಆದರೆ 75 ನಿಮಿಷಗಳಲ್ಲಿ 60 ಗುಂಡು ಹೊಡೆಯಬೇಕಾದ ಹದಿಮೂರರ ಹುಡುಗಿಯ ಭುಜಕ್ಕೆ ಪ್ರತಿ ನೂರು ಗ್ರಾಮಿನ ಲೆಕ್ಕವೂ ನಲವತ್ತನೆಯ ಗುಂಡಿನ ಹೊತ್ತಿಗೆ ಗೊತ್ತಾಗುತ್ತದೆ.

ಎಲೆಕ್ಟ್ರಾನಿಕ್ ಟ್ರಿಗರ್ ಬೇರೆಯೇ ಮಾತು. ಅದಕ್ಕಾಗಿ ಸಾಮಾನ್ಯವಾಗಿ ಆ ಮಾದರಿಯ ಪಿಸ್ತೂಲನ್ನೇ ಕೊಳ್ಳಬೇಕು. ಜಗತ್ತಿನ ಅತ್ಯುತ್ತಮ ಶೂಟರುಗಳಲ್ಲಿ ಹಲವರು ಅದನ್ನು ಬಳಸುತ್ತಾರೆ, ನಾನು ಅದಕ್ಕೆ ವಿರೋಧಿಯಲ್ಲ. ಆದರೆ 2021ರ ಜುಲೈನಲ್ಲಿ ಟೋಕಿಯೋ ಒಲಿಂಪಿಕ್ಸಿನ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಎಲೆಕ್ಟ್ರಾನಿಕ್ ಟ್ರಿಗರಿನ ಪಿಸ್ತೂಲು ಕೈಕೊಟ್ಟು, ದುರಸ್ತಿಯಲ್ಲಿ ನಿಮಿಷಗಳು ಕಳೆದುಹೋಗಿ, 575 ಅಂಕಗಳೊಂದಿಗೆ ಅವರು 12ನೇ ಸ್ಥಾನದಲ್ಲಿ ನಿಂತದ್ದನ್ನು ನೆನಪಿಡಿ. ಪಿಸ್ತೂಲಿನಲ್ಲಿ ಏನನ್ನೇ ಬದಲಾಯಿಸಿದರೂ ಅದು ಕೆಟ್ಟಾಗ ಏನು ಮಾಡಬೇಕೆಂದು ಶೂಟರಿಗೆ ಗೊತ್ತಿರಬೇಕು.

2024ರ ಪ್ಯಾರಿಸ್ ಒಲಿಂಪಿಕ್ಸಿನ ನಂತರ ಈ ಚರ್ಚೆ ಇನ್ನೊಂದು ದಿಕ್ಕಿಗೆ ಹೊರಳಿತು. ಮಿಶ್ರ ತಂಡದ ಏರ್ ಪಿಸ್ತೂಲಿನಲ್ಲಿ ಮನು ಭಾಕರ್ ಮತ್ತು ಸರಬ್‌ಜೋತ್ ಸಿಂಗ್ ಕಂಚು ಗೆದ್ದರು. ಅದೇ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದ ಟರ್ಕಿಯ ಯೂಸುಫ್ ದಿಕೆಚ್ ಅವರ ಚಿತ್ರ, ಒಂದು ಕೈ ಜೇಬಿನಲ್ಲಿ, ಕಣ್ಣಿಗೆ ದಿನಬಳಕೆಯ ಕನ್ನಡಕ, ಎಲ್ಲರ ಫೋನಿಗೂ ಬಂತು. "ನೋಡಿ ಸರ್, ಏನೂ ಬೇಕಾಗಿಲ್ಲ" ಎಂದು ನನಗೆ ಕಳುಹಿಸಿದವರು ಬಹಳ ಮಂದಿ. ಆದರೆ ದಿಕೆಚ್ ಬಿಟ್ಟದ್ದು ಮುಖದ ಮೇಲಿನ ಸಲಕರಣೆಗಳನ್ನು: ವಿಶೇಷ ಮಸೂರವನ್ನು, ಕಣ್ಣುಮರೆಯನ್ನು. ಅವರ ಕೈಯಲ್ಲಿದ್ದದ್ದು ಸ್ಪರ್ಧೆಗೆಂದೇ ತಯಾರಾದ ಪಿಸ್ತೂಲು, ಮತ್ತು ಆ ಕೈ 2008ರ ಬೀಜಿಂಗ್‌ನಿಂದ ಪ್ರತಿ ಒಲಿಂಪಿಕ್ಸಿನಲ್ಲೂ ಸ್ಪರ್ಧಿಸಿದ ಕೈ. ಆ ಚಿತ್ರ ಅಂಗಡಿಯವರ ಪರವೂ ಅಲ್ಲ, ಅಂಗಡಿಯೇ ಬೇಡ ಎನ್ನುವವರ ಪರವೂ ಅಲ್ಲ.

ಈಗ ಆ ಒಂದು ಬಿಡಿಭಾಗ: ಗ್ರಿಪ್ಪು, ಅಂದರೆ ಪಿಸ್ತೂಲಿನ ಮರದ ಹಿಡಿ. ತುಮಕೂರಿನ ಕಡೆಯ ತಂದೆಯೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿ ಶ್ರದ್ಧೆಯವಳು, ಗುಂಡುಗಳು ಮಾತ್ರ ಎಡಕ್ಕೂ ಬಲಕ್ಕೂ ಹರಡುತ್ತಿದ್ದವು. ತಂದೆ ಟ್ರಿಗರ್ ಪಟ್ಟಿ, ತೂಕದ ಕಂಬಿ ಎಲ್ಲವನ್ನೂ ತರಿಸಿ ಹಾಕಿಸಿದ್ದರು, ಸಾಲದ್ದಕ್ಕೆ ಮತ್ತೇನು ತರಿಸಲಿ ಎಂದು ಕೇಳಲು ಬಂದಿದ್ದರು. ನಾನು ಪಿಸ್ತೂಲು ಕೆಳಗಿಡಲು ಹೇಳಿ ಅವಳ ಅಂಗೈ ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ಕೆಂಪು ಗೆರೆ ಮೂಡಿತ್ತು; ಅಂಗೈಯ ನಡುವೆ ಗುರುತೇ ಇರಲಿಲ್ಲ, ಅಂದರೆ ಅಲ್ಲಿ ಮರ ಕೈಗೆ ತಾಗುತ್ತಲೇ ಇರಲಿಲ್ಲ. ಅವಳದು ಚಿಕ್ಕ ಕೈ, ಗ್ರಿಪ್ಪು ಮಧ್ಯಮ ಅಳತೆಯದು. ಟ್ರಿಗರ್ ಮುಟ್ಟಲು ಅವಳು ಪ್ರತಿ ಸಲ ಕೈಯನ್ನು ತುಸು ತಿರುಗಿಸಿ ಹಿಡಿಯುತ್ತಿದ್ದಳು, ಪ್ರತಿ ಸಲದ ತಿರುವೂ ಬೇರೆ. ತಂದೆ ಬೆರಳಿನ ತುದಿಯಲ್ಲಿ ಆ ಕೆಂಪು ಗೆರೆಯನ್ನು ಸವರಿ, "ನೋಯುತ್ತೇನಮ್ಮಾ?" ಎಂದು ಕೇಳಿದರು. ಅವಳು ಹೂಂ ಎಂದಳು. ಅಷ್ಟು ತಿಂಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಅವಳನ್ನು ಕೇಳಿರಲಿಲ್ಲ.

ಚಿಕ್ಕ ಅಳತೆಯ ಗ್ರಿಪ್ಪು ತರಿಸಿದೆವು. ಹೆಬ್ಬೆರಳಿನ ಬಳಿ ಮರವನ್ನು ಸ್ವಲ್ಪ ಸ್ವಲ್ಪವೇ ಉಜ್ಜಿ, ಅಂಗೈಯ ಹಳ್ಳಕ್ಕೆ ಪುಟ್ಟಿ ತುಂಬಿ, ಒಣಗಿದ ಮೇಲೆ ಮತ್ತೆ ಹಿಡಿಸಿ ನೋಡಿ ಮತ್ತೆ ಉಜ್ಜಿದೆವು. ಕ್ರಮೇಣ ಎಡ-ಬಲದ ಹರಹು ಕಡಿಮೆಯಾಯಿತು. ಕಂಬಿಗಳನ್ನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟೆವು.

ಆದ್ದರಿಂದ ನನ್ನನ್ನು ಕೇಳಬೇಕಾದ ಪ್ರಶ್ನೆ ಇದು: ಪಿಸ್ತೂಲನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡಾಗ ಅದು ನನ್ನ ಮಗಳ ಕೈಯಲ್ಲಿ ಮೊದಲು ಕೂತ ಜಾಗದಲ್ಲೇ ಕೂರುತ್ತಿದೆಯೇ? ಇದನ್ನು ಕೇಳಿದರೆ ನಾನು ಇಡೀ ಮಧ್ಯಾಹ್ನ ಕೂತು ಉತ್ತರಿಸುತ್ತೇನೆ, ಏಕೆಂದರೆ ಇದನ್ನು ಪರೀಕ್ಷಿಸಬಹುದು. ರೇಂಜಿನಲ್ಲಿ, ಪೆಲೆಟ್ ಇಲ್ಲದ ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು, ಕಣ್ಣು ಮುಚ್ಚಿ ಕೈ ಎತ್ತಬೇಕು. ಕಣ್ಣು ತೆರೆದಾಗ ಮುಂದಿನ ಸೈಟು ಹಿಂದಿನ ಕಚ್ಚಿನ ನಡುವೆ ನಿಂತಿದ್ದರೆ ಗ್ರಿಪ್ಪು ಅವಳದು. ಪ್ರತಿ ಸಲ ಒಂದೇ ಬದಿಗೆ ಸರಿದಿದ್ದರೆ ಗ್ರಿಪ್ಪಿನಲ್ಲಿ ಕೆಲಸವಿದೆ. ಒಮ್ಮೆ ಅತ್ತ ಒಮ್ಮೆ ಇತ್ತ ಸರಿಯುತ್ತಿದ್ದರೆ, ಗ್ರಿಪ್ಪಿನ ಅಳತೆ ಕೈಗೆ ಹೊಂದುತ್ತದೆಯೇ ಎಂದು ಮೊದಲು ನೋಡಬೇಕು; ಹೊಂದಿದ್ದರೂ ಹಾಗೆಯೇ ಆದರೆ ಹಿಡಿತದಲ್ಲಿ ಕೆಲಸವಿದೆ, ಅದಕ್ಕೆ ಗುಂಡಿಲ್ಲದ ಅಭ್ಯಾಸವೇ ಬೇಕು. ಮಕ್ಕಳ ಕೈ ಬೆಳೆಯುತ್ತದೆ, ಆದ್ದರಿಂದ ಹೋದ ವರ್ಷದ ಉತ್ತರ ಈ ವರ್ಷಕ್ಕೆ ಸಾಲದು.

ಇಷ್ಟಾದ ಮೇಲೂ ಹಣ ಮಿಕ್ಕಿದ್ದರೆ ಪೆಲೆಟ್ಟಿಗೆ ಹಾಕಿ. 4.49 ಮತ್ತು 4.50 ಮಿಲಿಮೀಟರಿನ ಡಬ್ಬಿಗಳನ್ನು ಒಂದೊಂದು ತನ್ನಿ, ರೇಂಜಿನಲ್ಲಿ ವೈಸ್ ಇದೆ, ನಿಮ್ಮ ಬ್ಯಾರೆಲ್ಲಿಗೆ ಯಾವುದು ಹೊಂದುತ್ತದೆಂದು ನಾವೇ ಹೊಡೆದು ನೋಡೋಣ. ಬರುವಾಗ ಮಗಳನ್ನೂ ಕರೆತನ್ನಿ, ಅವಳ ಅಂಗೈ ನೋಡಬೇಕು.